ನರ್ಸಿಂಗ್ ಓದಲು ಹೊರಟವರು ಕಟ್ಟಡಕ್ಕಿಂತ ಮೊದಲು ಹಾಸಿಗೆಗಳನ್ನು ನೋಡಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ವಾರದಲ್ಲಿ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಚನ್ನಗಿರಿ ಕಡೆಯ ಮನೆಗಳಿಗೆ ಪರಿಚಯವಿಲ್ಲದ ಸಂಖ್ಯೆಗಳಿಂದ ಫೋನು ಬರತೊಡಗುತ್ತದೆ. ನರ್ಸಿಂಗ್ ಸೀಟು ಇದೆ, ಈ ವಾರವೇ ಮುಂಗಡ ಕಟ್ಟಿದರೆ ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆ, ಹಾಜರಾತಿಯ ಚಿಂತೆಯೂ ಬೇಡ ಎಂಬುದು ಆ ಕರೆಗಳ ಸಾರ. ನನ್ನ ತಂಗಿಯ ಮಗಳಿಗೂ ಇಂಥದೊಂದು ಕರೆ ಬಂದಿತ್ತು. ಮನೆಯವರು ಹೋಗಿ ಹೊಸ ಕಟ್ಟಡ, ಹೊಳೆಯುವ ಪ್ರಯೋಗಾಲಯ, ಅಲ್ಲಿ ಮಲಗಿಸಿದ್ದ ಪ್ಲಾಸ್ಟಿಕ್ ಬೊಂಬೆಗಳನ್ನು ನೋಡಿ ಒಪ್ಪಿಕೊಂಡು ಬಂದರು. ಆಸ್ಪತ್ರೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅದು ಕಾಲೇಜಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿತ್ತು. ಅಲ್ಲಿಗೆ ಕರೆದೊಯ್ದ ದಿನಗಳಲ್ಲಿಯೂ ಒಬ್ಬ ರೋಗಿಯ ಸುತ್ತ ಇಪ್ಪತ್ತು ವಿದ್ಯಾರ್ಥಿಗಳು ನಿಂತು ನೋಡಬೇಕಾಗುತ್ತಿತ್ತು. ನಾಲ್ಕು ವರ್ಷ ಕಳೆದು ಪದವಿ ಕೈಗೆ ಬಂದಾಗಲೂ ಆ ಹುಡುಗಿ ಸ್ವಂತವಾಗಿ ಒಂದು ಕ್ಯಾನುಲಾ (ಔಷಧ, ದ್ರವ ಕೊಡಲು ರಕ್ತನಾಳಕ್ಕೆ ಸೇರಿಸುವ ಸಣ್ಣ ನಳಿಕೆ) ಹಾಕಿರಲಿಲ್ಲ. ಈ ಬರಹದಲ್ಲಿ ಕೋರ್ಸು, ಪ್ರವೇಶ, ದಾಖಲೆ, ಉದ್ಯೋಗಗಳ ವಿಷಯಗಳೆಲ್ಲ ಬರುತ್ತವೆಯಾದರೂ, ಕಾಲೇಜನ್ನು ಅದರ ಆಸ್ಪತ್ರೆಯಿಂದಲೇ ಅಳೆಯಬೇಕು ಎಂಬುದನ್ನು ಓದುಗರು ಮೊದಲಿಗೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಯಾವ ಕೋರ್ಸು ಯಾರಿಗೆ

ನಮ್ಮಲ್ಲಿ ನರ್ಸಿಂಗ್ ಕ್ಷೇತ್ರಕ್ಕೆ ಮೂರು ಬಾಗಿಲುಗಳಿವೆ. ಎಎನ್‌ಎಂ ಎಂದರೆ ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿಯರ ಎರಡು ವರ್ಷದ ಕೋರ್ಸು. ಇದನ್ನು ಮುಗಿಸಿದವರೇ ಹಳ್ಳಿಯ ಉಪಕೇಂದ್ರಗಳಲ್ಲಿ ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಮನೆಭೇಟಿಗಳನ್ನು ನಿರ್ವಹಿಸುವವರು. ಸರ್ಕಾರಿ ಹುದ್ದೆಯಲ್ಲಿರುವ ಅವರನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂದು ಕರೆಯಲಾಗುತ್ತದೆ. ಜಿಎನ್‌ಎಂ ಎಂದರೆ ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ಕೆಲಸ ಕಲಿಸುವ ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಆದ್ಯತೆಯಿದ್ದರೂ ಕಲೆ ಮತ್ತು ವಾಣಿಜ್ಯ ಓದಿದವರೂ ಇದಕ್ಕೆ ಅರ್ಹರು. ಒಟ್ಟು ಅಂಕಗಳಲ್ಲಿಯೂ ಇಂಗ್ಲಿಷ್ ವಿಷಯದಲ್ಲಿಯೂ ಕನಿಷ್ಠ ಶೇ. 40 ಇರಬೇಕು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ, ಈಗ ಎಂಟು ಸೆಮಿಸ್ಟರುಗಳಾಗಿ ವಿಂಗಡಿಸಿರುವ ಪದವಿ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗದವರು ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ. 40 ಅಂಕ ಪಡೆದಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕೆಂಬ ನಿಯಮವೂ ಇದೆ.

ವಿಜ್ಞಾನ ಓದಿ, ಅರ್ಹತೆಯಿದ್ದು, ಮನೆಯ ಪರಿಸ್ಥಿತಿ ನಾಲ್ಕು ವರ್ಷ ತಾಳಿಕೊಳ್ಳುವಂತಿದ್ದರೆ ಬಿ.ಎಸ್ಸಿ.ಯನ್ನೇ ಆರಿಸಿಕೊಳ್ಳುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಒಂದು ವರ್ಷ ಉಳಿಯಿತೆಂದು ಜಿಎನ್‌ಎಂ ಸೇರಿದವರು, ಮುಂದೆ ಪದವಿ ಬೇಕೆನಿಸಿದಾಗ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬೇಕಾಗುತ್ತದೆ, ಒಟ್ಟು ಐದು ವರ್ಷವಾಗುತ್ತದೆ. ಆದರೆ ಕಲಾ ವಿಭಾಗದ ವಿದ್ಯಾರ್ಥಿಗಳಿಗೆ, ಬೇಗ ದುಡಿಮೆಗೆ ಇಳಿಯಲೇಬೇಕಾದವರಿಗೆ ಜಿಎನ್‌ಎಂ ಗೌರವದ ದಾರಿಯೇ ಹೌದು. ನಾನು ಕಂಡ ಅತ್ಯಂತ ನುರಿತ ವಾರ್ಡ್ ಸಿಸ್ಟರುಗಳಲ್ಲಿ ಹೆಚ್ಚಿನವರು ಜಿಎನ್‌ಎಂ ಓದಿದವರು. ಜಿಎನ್‌ಎಂ ಮತ್ತು ಬಿ.ಎಸ್ಸಿ. ಎರಡಕ್ಕೂ ಹುಡುಗರು ಸೇರಬಹುದು. ತೀವ್ರ ನಿಗಾ ಘಟಕ, ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬ್ರದರ್‌ಗಳಿಗೆ ಬೇಡಿಕೆಯಿದೆ.

ಪ್ರವೇಶ ಮತ್ತು ಕಾಗದಪತ್ರ

ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟುಗಳನ್ನು ಈಚಿನ ವರ್ಷಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ಮೂಲಕ ಹಂಚುತ್ತಿದೆ. ಇದರ ಅರ್ಥವೇನೆಂದರೆ, ಪಿಯುಸಿ ಫಲಿತಾಂಶ ನೋಡಿಕೊಂಡು ಯೋಚಿಸೋಣ ಎಂದು ಕುಳಿತವರಿಗೆ ಆ ವೇಳೆಗೆ ಬಾಗಿಲು ಮುಚ್ಚಿರುತ್ತದೆ. ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಆಸೆ ಇಲ್ಲದವರೂ ಪರೀಕ್ಷೆಗೆ ತಿಂಗಳುಗಳ ಮೊದಲೇ ಸಿಇಟಿ ಅರ್ಜಿ ಹಾಕಿ, ಅದರಲ್ಲಿ ನರ್ಸಿಂಗ್ ಕೋರ್ಸನ್ನು ಗುರುತಿಸಿರಬೇಕು.

ಅರ್ಜಿ ಹಾಕುವ ಮುನ್ನ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪಡೆದು, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮಗುವಿನ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ಇರುವುದು ನಮ್ಮ ಕಡೆ ತೀರ ಸಾಮಾನ್ಯ. ಅಪ್ಪನ ಹೆಸರಿನ ಮುಂದಿನ ಒಂದು ಅಕ್ಷರ ವ್ಯತ್ಯಾಸವಾದರೂ ದಾಖಲೆ ಪರಿಶೀಲನೆಯಲ್ಲಿ ತೊಂದರೆಯಾಗುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಅಷ್ಟೂ ವರ್ಷ ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ದೊರೆಯುತ್ತದೆ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಒಂದೂರಲ್ಲಿ, ಪ್ರೌಢಶಾಲೆ ಇನ್ನೊಂದೂರಲ್ಲಿ ಆಗಿದ್ದರೆ ಇದಕ್ಕೆ ವಾರಗಳೇ ಹಿಡಿಯುತ್ತವೆ. ಹರಪನಹಳ್ಳಿಯವರಿಗೆ ಇಲ್ಲೊಂದು ಮಾತು: ಆ ತಾಲ್ಲೂಕು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಹಾಗಾಗಿ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಡಿ ಸಿಗುವ 371(ಜೆ) ಮೀಸಲಾತಿ ಸೌಲಭ್ಯಕ್ಕೆ ಅವರು ಪ್ರತ್ಯೇಕವಾಗಿ ಅರ್ಹತಾ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ದಾವಣಗೆರೆಯಲ್ಲಿಯೇ ಓದಿ ಬೆಳೆದ ಅನೇಕರು ಇದನ್ನು ಮರೆತುಬಿಡುತ್ತಾರೆ.

ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಹಣ ನೇರವಾಗಿ ಆಧಾರ್ ಜೋಡಣೆಯಾದ ಖಾತೆಗೇ ಬರುವುದರಿಂದ, ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿದ್ದು ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಿ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿಗೂ ಪ್ರವೇಶವಾದ ಕೂಡಲೇ ಅರ್ಜಿ ಹಾಕುವುದು ಒಳ್ಳೆಯದು. ಮೂಲ ಅಂಕಪಟ್ಟಿಗಳನ್ನು ಕಾಲೇಜಿಗೆ ಕೊಡುವಾಗ ಪ್ರತಿಯೊಂದಕ್ಕೂ ಲಿಖಿತ ಸ್ವೀಕೃತಿ ಪಡೆಯಿರಿ.

ಕಾಲೇಜನ್ನು ನೋಡುವ ಬಗೆ

ಮೊದಲು ಮಾನ್ಯತೆ. ಪದವಿ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಆ ಶೈಕ್ಷಣಿಕ ವರ್ಷಕ್ಕೆ ಇದೆಯೇ, ಎಷ್ಟು ಸೀಟುಗಳಿಗೆ ಇದೆ ಎಂಬುದನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿಯೇ ನೋಡಬೇಕು. ಜಿಎನ್‌ಎಂ ಆದರೆ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಯಾವುದೇ ಕೋರ್ಸಾದರೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇಲ್ಲದಿದ್ದರೆ ಮುಂದೆ ನೋಂದಣಿಯಾಗುವುದಿಲ್ಲ. ನೋಂದಣಿಯಿಲ್ಲದ ನರ್ಸ್ ಕಾನೂನಿನ ಕಣ್ಣಿನಲ್ಲಿ ನರ್ಸೇ ಅಲ್ಲ.

ಅನಂತರ ಆಸ್ಪತ್ರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೀಗೆ ದೊಡ್ಡ ಆಸ್ಪತ್ರೆಗಳು ಅರುವತ್ತು ಕಿಲೋಮೀಟರಿನ ಅಂತರದಲ್ಲಿವೆ. ನರ್ಸಿಂಗ್ ಕಲಿಯುವವರ ದೃಷ್ಟಿಯಿಂದ ಇದೊಂದು ಸಣ್ಣ ಭಾಗ್ಯವಲ್ಲ. ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳು, ಮೆಕ್ಕೆಜೋಳದ ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು, ಕೀಟನಾಶಕ ಕುಡಿದವರು, ಚನ್ನಗಿರಿ ಹೊನ್ನಾಳಿ ಕಡೆ ಅಡಿಕೆ ಮರದಿಂದ ಬಿದ್ದವರು, ಚಿತ್ರದುರ್ಗದ ಫ್ಲೋರೈಡ್ ನೀರಿನಿಂದ ಕೀಲು ಬಿಗಿದುಕೊಂಡ ಹಿರಿಯರು, ರಕ್ತಹೀನತೆಯ ಗರ್ಭಿಣಿಯರು ಎಲ್ಲರೂ ಇಲ್ಲಿನ ವಾರ್ಡುಗಳಿಗೆ ಬರುತ್ತಾರೆ. ಬೆಂಗಳೂರು ಎಂಬ ಹೆಸರೊಂದಕ್ಕಾಗಿ, ಆಸ್ಪತ್ರೆಯೇ ಇಲ್ಲದ ಕಾಲೇಜಿಗೆ ಇನ್ನೂರ ಅರುವತ್ತು ಕಿಲೋಮೀಟರು ಹೋಗುವ ಮೊದಲು ಇದನ್ನು ತೂಗಿನೋಡಬೇಕು.

ಕಾಲೇಜಿಗೆ ಭೇಟಿ ಕೊಡುವ ದಿನ ಪ್ರಾಂಶುಪಾಲರ ಕೊಠಡಿಯಿಂದ ನೇರವಾಗಿ ಮನೆಗೆ ಹೊರಡಬೇಡಿ. ಬೆಳಿಗ್ಗೆ ಎಂಟರ ಸುಮಾರಿಗೆ, ರಾತ್ರಿಪಾಳಿಯವರು ಹಗಲುಪಾಳಿಯವರಿಗೆ ಹ್ಯಾಂಡೋವರ್ ಕೊಡುವ, ಅಂದರೆ ರೋಗಿಗಳನ್ನು ಒಪ್ಪಿಸುವ ಹೊತ್ತಿನಲ್ಲಿ, ಆ ಕಾಲೇಜಿನ ವಿದ್ಯಾರ್ಥಿಗಳು ಪ್ರಾಯೋಗಿಕ ತರಬೇತಿಗೆ, ಅಂದರೆ ಪೋಸ್ಟಿಂಗ್‌ಗೆ ಬರುವ ಆಸ್ಪತ್ರೆಯ ಹೊರಗೆ ನಿಲ್ಲಿ. ಎಷ್ಟು ಮಂದಿ ಸಮವಸ್ತ್ರದವರು ಒಳಗೆ ಹೋಗುತ್ತಾರೆ, ಜೊತೆಯಲ್ಲಿ ಕಲಿಸುವ ಟ್ಯೂಟರ್ ಇದ್ದಾರೆಯೇ, ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ಎಂದು ನೋಡಿ. ಮೂರನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಮಾತನಾಡಿಸಿ, ಈವರೆಗೆ ಎಷ್ಟು ಹೆರಿಗೆ ನೋಡಿದ್ದೀಯಮ್ಮ, ಎಷ್ಟಕ್ಕೆ ಕೈ ಹಾಕಿದ್ದೀಯ ಎಂದು ಕೇಳಿ. ಮಾಡಿದ ಕೆಲಸಗಳನ್ನು ದಾಖಲಿಸುವ ಕೇಸ್ ಬುಕ್ ಹೇಗೆ ತುಂಬುತ್ತೀರಿ ಎಂಬ ಪ್ರಶ್ನೆಗೆ ಆಕೆ ನಕ್ಕು ಮಾತು ಮರೆಸಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿದೆ. ಹಾಜರಾತಿ ಬೇಡವೆಂದು ಏಜೆಂಟರು ಹೇಳುವ ಮಾತಿನ ಬೆಲೆಯೂ ಇಲ್ಲಿಯೇ ತಿಳಿಯುತ್ತದೆ: ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮದಂತೆ ತರಗತಿಗೆ ಕನಿಷ್ಠ ಶೇ. 80 ಹಾಜರಾತಿ ಬೇಕು, ಪದವಿ ಪಡೆಯುವ ಮೊದಲು ಪ್ರಾಯೋಗಿಕ ಪೋಸ್ಟಿಂಗ್‌ಗಳಲ್ಲಿ ಶೇ. 100 ಪೂರೈಸಿರಬೇಕು.

ಓದುವ ವರ್ಷಗಳಲ್ಲಿ

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಆರು ತಿಂಗಳು ಅಳುವುದನ್ನು ಬಹಳ ಕಂಡಿದ್ದೇನೆ. ಅಂಗರಚನಾಶಾಸ್ತ್ರದ ಪದಗಳು ಎಲ್ಲರಿಗೂ ಹೊಸವೇ. ಇಂಗ್ಲಿಷ್ ಶಾಲೆಯಿಂದ ಬಂದವರೂ ಅವನ್ನು ಮೊದಲ ಬಾರಿ ಕೇಳುತ್ತಿರುತ್ತಾರೆ. ದಿನಕ್ಕೆ ಹತ್ತು ಪದಗಳಂತೆ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದಿದರೆ ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಭಯ ಕರಗುತ್ತದೆ. ವಾರ್ಡಿನಲ್ಲಿಯಂತೂ ಕನ್ನಡವೇ ನಿಮ್ಮ ಬಲ. ಎದೆ ಹಿಡಿದಂಗಾತು, ಹೊಟ್ಟೆಯೊಳಗ ಕಿವುಚಿದಂಗಾಗ್ತತಿ ಎಂದು ಅಜ್ಜಿಯೊಬ್ಬರು ಹೇಳಿದಾಗ ಅದು ಯಾವ ನೋವು, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಮರುಪ್ರಶ್ನೆ ಕೇಳಿ, ವೈದ್ಯರಿಗೆ ತಿಳಿಯುವಂತೆ ಕೇಸ್ ಶೀಟಿನಲ್ಲಿ ಬರೆಯುವುದು ಈ ನೆಲದ ಮಾತು ಬಲ್ಲವರಿಂದ ಮಾತ್ರ ಸಾಧ್ಯ.

ಗಣಿತದಿಂದ ತಪ್ಪಿಸಿಕೊಳ್ಳಲು ನರ್ಸಿಂಗ್ ಸೇರಿದೆವು ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. 500 ಮಿಲಿಲೀಟರ್ ದ್ರವವನ್ನು ನಾಲ್ಕು ಗಂಟೆಯಲ್ಲಿ ಹರಿಸಬೇಕು, ಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 20 ಹನಿಗಳು. 500ನ್ನು 20ರಿಂದ ಗುಣಿಸಿ 240 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ ಬರುತ್ತದೆ. ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಮಗುವಿನ ತಾಯಿ ಮುಖವನ್ನೇ ನೋಡುತ್ತ ನಿಂತಿರುವಾಗ ಈ ಲೆಕ್ಕ ತಪ್ಪಬಾರದು. ಮಕ್ಕಳ ವಾರ್ಡಿನಲ್ಲಿ ದಶಮಾಂಶ ಬಿಂದು ಒಂದು ಸ್ಥಾನ ಜರುಗಿದರೆ ಔಷಧ ಹತ್ತು ಪಟ್ಟಾಗುತ್ತದೆ.

ಮೊದಲ ಪೋಸ್ಟಿಂಗ್‌ಗೆ ಮುನ್ನ ಹೆಪಟೈಟಿಸ್ ಬಿ ಲಸಿಕೆಯನ್ನು ಆರಂಭಿಸಿ; ಮೊದಲ ಡೋಸಿನ ಒಂದು ತಿಂಗಳ ನಂತರ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಳಸಿದ ಸೂಜಿ ಚುಚ್ಚಿಕೊಂಡರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ವಾರ್ಡ್ ಸಿಸ್ಟರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧ ಅಗತ್ಯವಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭವಾಗಬೇಕು.

ಪದವಿಯ ನಂತರ

ಪರೀಕ್ಷೆ ಮುಗಿದ ಮೇಲೆ ಮೊದಲ ಕೆಲಸ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ. ಇದಿಲ್ಲದೆ ಯಾವ ಅರ್ಜಿಯೂ ಮುಂದೆ ಸಾಗದು.

ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಕಡಿಮೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೂ ಮೊದಲ ಎರಡು ವರ್ಷ ರೋಗಿಗಳು ಹೆಚ್ಚಿರುವ ಆಸ್ಪತ್ರೆಯಲ್ಲಿ, ಸಾಧ್ಯವಾದರೆ ಐಸಿಯು ಅಥವಾ ತುರ್ತು ವಿಭಾಗದಲ್ಲಿ ದುಡಿಯುವುದು ಲಾಭದಾಯಕ. ರಾಜ್ಯ ಸರ್ಕಾರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಎಂಬ ಹೆಸರಿದೆ. ಬಿ.ಎಸ್ಸಿ. ಓದಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಗುತ್ತಿಗೆ ಹುದ್ದೆಗಳೂ ಇವೆ. ಕೇಂದ್ರದ ಏಮ್ಸ್ ಸಂಸ್ಥೆಗಳಿಗೆ 2020ರಿಂದ ನಾರ್ಸೆಟ್ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದ್ದು, ಏಳನೆಯ ವೇತನ ಆಯೋಗದ ಪ್ರಕಾರ ಅಲ್ಲಿನ ಮೂಲವೇತನ ರೂ. 44,900ರಿಂದ ಆರಂಭವಾಗುತ್ತದೆ. ಜಿಎನ್‌ಎಂ ಓದಿದವರು ನಾರ್ಸೆಟ್ ಬರೆಯಲು ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು. ಆದ್ದರಿಂದ ಸೇರುವ ಆಸ್ಪತ್ರೆಗೆ ಎಷ್ಟು ಹಾಸಿಗೆಗಳೆಂದು ಕೇಳಿ, ಬಿಡುವಾಗ ಅನುಭವ ಪತ್ರದಲ್ಲಿ ಆ ಸಂಖ್ಯೆಯನ್ನು ಬರೆಸಿಕೊಳ್ಳಿ. ಪಾಠ ಹೇಳುವ ಆಸಕ್ತಿಯಿದ್ದವರು ಒಂದು ವರ್ಷದ ಅನುಭವದ ನಂತರ ಎಂ.ಎಸ್ಸಿ. ಸೇರಬಹುದು, ಬಿ.ಎಸ್ಸಿ.ಯಲ್ಲಿ ಶೇ. 55 ಬೇಕೆಂಬುದನ್ನು ಮೊದಲ ಸೆಮಿಸ್ಟರಿನಿಂದಲೇ ನೆನಪಿಡಬೇಕು.

ವಿದೇಶದ ಆಸೆಯಿರುವವರು ದೇಶವನ್ನು ಮೊದಲು ನಿರ್ಧರಿಸಿ, ಆಮೇಲೆ ಭಾಷೆಗೆ ಇಳಿಯಬೇಕು. ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಇಂಗ್ಲಿಷ್ ಪರೀಕ್ಷೆ, ಜರ್ಮನಿಗೆ ಬಿ2 ಮಟ್ಟದ (ಸರಾಗವಾಗಿ ಮಾತನಾಡಬಲ್ಲಷ್ಟು) ಜರ್ಮನ್ ಭಾಷೆ, ಕೊಲ್ಲಿ ದೇಶಗಳಿಗೆ ಅಲ್ಲಲ್ಲಿನ ಪರವಾನಗಿ ಪರೀಕ್ಷೆ ಬೇಕು. ಕಳುಹಿಸುತ್ತೇವೆ ಎನ್ನುವ ಏಜೆನ್ಸಿಯ ಹೆಸರು ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿ ಇದೆಯೇ ನೋಡಿ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ಕಾನೂನು ರೂ. 30,000 ಮತ್ತು ಅದರ ಮೇಲಿನ ತೆರಿಗೆಯ ಮಿತಿ ಹಾಕಿದೆ. ಲಕ್ಷಗಳಲ್ಲಿ ಮಾತನಾಡಿ, ರಸೀದಿ ಕೇಳಿದರೆ ನಾಳೆ ಎನ್ನುವವರ ಬಳಿ ಪಾಸ್‌ಪೋರ್ಟ್ ಬಿಟ್ಟುಬರಬೇಡಿ.