ಜಾಮೀನು ಸಿಕ್ಕ ಮೇಲೂ ಜೈಲಿನಲ್ಲಿ ಉಳಿದವರು: ಕಾನೂನು ನೆರವು ವಕೀಲನೊಬ್ಬನ ಅನುಭವ

ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲನಾಗಿ ಕಾರಾಗೃಹಕ್ಕೆ ಹೋದಾಗಲೆಲ್ಲ ನಾನು ಮೊದಲು ಕೇಳುವುದು, ಜಾಮೀನು ಮಂಜೂರಾಗಿಯೂ ಬಿಡುಗಡೆಯಾಗದವರ ಪಟ್ಟಿಯನ್ನು. 2022ರ ಕೊನೆಗೆ ದೇಶದ ಕೈದಿಗಳಲ್ಲಿ ಶೇ. 75.8ರಷ್ಟು ಮಂದಿ ವಿಚಾರಣಾಧೀನರಾಗಿದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಅವರೊಳಗೂ ಈ ಪಟ್ಟಿಯವರ ಪಾಡು ವಿಚಿತ್ರ, ಏಕೆಂದರೆ ಇವರನ್ನು ಒಳಗಿಡಬೇಕಾಗಿಲ್ಲವೆಂದು ನ್ಯಾಯಾಲಯವೇ ತೀರ್ಮಾನಿಸಿಯಾಗಿರುತ್ತದೆ.

ಬಿಹಾರದಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನಿಗೆ 50,000 ರೂಪಾಯಿಯ ಬಾಂಡ್ (ಷರತ್ತು ತಪ್ಪಿದರೆ ಅಷ್ಟು ಹಣ ಕಟ್ಟುವೆನೆಂಬ ಮುಚ್ಚಳಿಕೆ) ಹಾಗೂ ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರನನ್ನು ಒದಗಿಸುವ ಷರತ್ತು ವಿಧಿಸಲಾಗಿತ್ತು. ವಾಡಿಕೆಯಲ್ಲಿ ಸ್ಥಳೀಯನೆಂದರೆ ಇದೇ ಜಿಲ್ಲೆಯ ಪಹಣಿ ತಂದು ತೋರಿಸಬಲ್ಲವನು. ಆ ಯುವಕನಿಗೆ ಪರಿಚಯವಿದ್ದ ಇಲ್ಲಿನವನೆಂದರೆ ಮೇಸ್ತ್ರಿ ಒಬ್ಬನೇ. ಅವನೋ ನಮ್ಮ ಫೋನನ್ನೇ ಎತ್ತಲಿಲ್ಲ.

ಷರತ್ತು ಸಡಿಲಿಸಲು ಕೋರುವ ಅರ್ಜಿಯನ್ನು ನಾನು ಅಂತಾರಾಷ್ಟ್ರೀಯ ಕಾನೂನಿನಿಂದ ಆರಂಭಿಸುವುದಿಲ್ಲ. ಕೆಳಹಂತದ ನ್ಯಾಯಾಲಯದಲ್ಲಿ ಅದೊಂದೇ ನಿಲ್ಲುವುದೂ ಇಲ್ಲ. ಬೇರೆ ಜಿಲ್ಲೆಯ ಜಾಮೀನುದಾರನೆಂಬ ಕಾರಣಕ್ಕೆ ತಿರಸ್ಕರಿಸುವುದು ಸಲ್ಲದೆಂದ ಸುಪ್ರೀಂ ಕೋರ್ಟಿನ 1978ರ ಮೋತಿರಾಮ್ ತೀರ್ಪನ್ನು ಮೊದಲು ಇಡುತ್ತೇನೆ. ಬಾಂಡ್ ಒಂದು ತಿಂಗಳೊಳಗೆ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಮರುಪರಿಶೀಲಿಸಬಹುದೆಂದೂ, ಸ್ಥಳೀಯ ಜಾಮೀನಿಗೆ ಪಟ್ಟು ಹಿಡಿಯುವುದು ಬಿಡುಗಡೆಯ ವಿಳಂಬಕ್ಕೆ ಒಂದು ಕಾರಣವೆಂದೂ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿರುವುದನ್ನು ಅದರ ಜೊತೆಗಿಡುತ್ತೇನೆ. ಆಮೇಲೆ ಬರುವುದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 9(3)ನೇ ವಿಧಿ. ಭಾರತ 1979ರಲ್ಲಿ ಸೇರಿದ ಈ ಒಡಂಬಡಿಕೆಯ ಪ್ರಕಾರ, ವಿಚಾರಣೆಗೆ ಕಾಯುತ್ತಿರುವವರನ್ನು ಬಂಧನದಲ್ಲಿಡುವುದು ಸಾಮಾನ್ಯ ನಿಯಮವಾಗಕೂಡದು. ಬಿಡುಗಡೆಗೆ ಕೇಳಬಹುದಾದ ಖಾತರಿ ಮುಖ್ಯವಾಗಿ ವಿಚಾರಣೆಗೆ ಹಾಜರಾಗುವುದರ ಬಗ್ಗೆ. ಹಾಜರಾತಿಯ ಖಾತರಿಗೆ ಪಹಣಿಯೇ ಏಕೆ ಬೇಕು ಎಂಬುದು ನನ್ನ ವಾದದ ತಿರುಳು. ಆ ಯುವಕನ ವಿಷಯದಲ್ಲಿ ಇದು ಫಲಿಸಿ, ಜಾಮೀನುದಾರರಿಲ್ಲದೆ ಅವನೇ ಬರೆದುಕೊಟ್ಟ ವೈಯಕ್ತಿಕ ಬಾಂಡ್ ಮತ್ತು ಠಾಣೆಯಲ್ಲಿ ಹಾಜರಿ ಹಾಕುವ ಷರತ್ತಿನ ಮೇಲೆ ಬಿಡುಗಡೆಯಾಯಿತು.

ಅರ್ಜಿಗೆ ಬೇಕಾದ ವಿವರ ಸಿಗುವುದು ಸಂದರ್ಶನದಲ್ಲಿ. ಸಿಬ್ಬಂದಿ ಪಕ್ಕದಲ್ಲೇ ನಿಂತಿದ್ದರೆ ಕೈದಿ "ಎಲ್ಲ ಸರಿ ಇದೆ ಸಾರ್" ಎನ್ನುತ್ತಾನೆ, ಅಷ್ಟೇ. ವಕೀಲರೊಂದಿಗಿನ ಮಾತುಕತೆ ಸಿಬ್ಬಂದಿಯ ಕಣ್ಣಳತೆಯಲ್ಲಿರಬಹುದು, ಕಿವಿಗೆ ಬೀಳಬಾರದು ಎನ್ನುತ್ತದೆ ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳಲ್ಲಿ 61ನೆಯದು. ಅದರ ಒಂದು ಪ್ರತಿಯನ್ನು ಕಡತದಲ್ಲಿಟ್ಟುಕೊಂಡಿದ್ದೇನೆ. ವಾದಿಸುವುದಕ್ಕಿಂತ ತೋರಿಸುವುದು ಸುಲಭ, ಬಹುತೇಕರು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ.

ಈಗೀಗ ಜಾಮೀನು ಅರ್ಜಿಯ ಜೊತೆಯಲ್ಲೇ ಕಕ್ಷಿದಾರನ ಕೂಲಿ, ವಿಳಾಸ, ಅವಲಂಬಿತರ ವಿವರವುಳ್ಳ ಪ್ರಮಾಣಪತ್ರವನ್ನು (ಅಫಿಡವಿಟ್) ಸಲ್ಲಿಸಿ, ಸ್ಥಳೀಯ ಜಾಮೀನನ್ನು ಕೇಳದಿರುವಂತೆ ಆಗಲೇ ಕೋರುತ್ತೇನೆ.