ಬೀಗಿತ್ತಿಗಾಗಿ ಕಲಿತ ಸ್ಪ್ಯಾನಿಷ್

ನನ್ನ ಮಗ ಕೊಲಂಬಿಯಾದ ಹುಡುಗಿಯನ್ನು ಮದುವೆಯಾದಾಗ ನನಗೆ 59 ವರ್ಷ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ನಿವೃತ್ತಿಗೆ ಇನ್ನೊಂದು ವರ್ಷ ಬಾಕಿ ಇತ್ತು. ಬೊಗೊಟಾದಲ್ಲಿ ಮನೆ ಮಾಡಿದ್ದ ಮಗ ಮತ್ತು ಸೊಸೆಯ ಜೊತೆ ನಾನು ಇಂಗ್ಲಿಷಿನಲ್ಲಿ ಹೇಗೋ ಮಾತಾಡಿಕೊಳ್ಳುತ್ತಿದ್ದೆ. ಆದರೆ ಬೊಯಾಕಾ ಪ್ರಾಂತ್ಯದ ತುನ್ಹಾ ಪಟ್ಟಣದಲ್ಲಿರುವ ಸೊಸೆಯ ತಾಯಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಪ್ರತಿ ಭಾನುವಾರ ನಮ್ಮಲ್ಲಿ ಸಂಜೆ ಏಳು ಗಂಟೆ, ಅವರಲ್ಲಿ ಬೆಳಗಿನ ಎಂಟೂವರೆ ಆಗುವ ಹೊತ್ತಿಗೆ ಎಲ್ಲರೂ ವಿಡಿಯೊ ಕರೆಯಲ್ಲಿ ಸೇರುತ್ತಿದ್ದೆವು. ನಾವಿಬ್ಬರು ತಾಯಂದಿರು ಮಾತ್ರ ಒಬ್ಬರನ್ನೊಬ್ಬರು ನೋಡಿ ನಗುವುದು, ಕೈ ಮುಗಿಯುವುದು, ಸುಮ್ಮನಾಗುವುದು, ಇಷ್ಟರಲ್ಲೇ ಆರು ತಿಂಗಳು ಕಳೆದೆವು. ಮಗಳನ್ನು ನಮ್ಮ ಮನೆಗೆ ಕೊಟ್ಟ ಹೆಣ್ಣುಮಗಳೊಬ್ಬಳಿಗೆ ಒಂದು ಅಕ್ಕರೆಯ ಮಾತನ್ನೂ ಹೇಳಲಾಗದ ಸಂಕಟ ನನಗೆ ತಡೆಯಲಾಗಲಿಲ್ಲ. ನಿವೃತ್ತಿಯ ದಿನಕ್ಕೆ ಕಾಯದೆ ಕಲಿಯಲು ಕುಳಿತೆ.

ಮೊದಲ ನಾಲ್ಕು ತಿಂಗಳು ಮೊಬೈಲ್ ಆಪ್ ಒಂದರಲ್ಲಿ ಕಲಿತೆ. ಪದಗಳೇನೋ ಬಂದವು, ಆದರೆ ಎಲ್ಲವೂ ಇಂಗ್ಲಿಷಿನ ಮೂಲಕ ಬರುತ್ತಿದ್ದುದರಿಂದ ಮನಸ್ಸಿಗೆ ಇಳಿಯುತ್ತಿರಲಿಲ್ಲ. ದಾರಿ ತೋರಿಸಿದ್ದು ಒಂದೇ ಒಂದು ಪದ. ಸೊಸೆ ತನ್ನ ತಾಯಿಗೆ ನನ್ನನ್ನು ‘ಸು ಕೊನ್ಸುವೆಗ್ರಾ’ ಎಂದು ಹೇಳಿದ್ದು ಕೇಳಿಸಿತು. ಅರ್ಥ ಕೇಳಿದಾಗ ಅವಳು ಇಂಗ್ಲಿಷಿನಲ್ಲಿ ಒಂದು ಪದ ಸಿಗದೆ ‘ಮಗಳ ಗಂಡನ ತಾಯಿ’ ಎಂದು ಬಿಡಿಸಿ ಹೇಳಬೇಕಾಯಿತು. ನನಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ, ಅದು ನಮ್ಮ ‘ಬೀಗಿತ್ತಿ’. ಕನ್ನಡದಲ್ಲಿ ಹೆಸರಿರುವ ಸಂಬಂಧಕ್ಕೆ ಸ್ಪ್ಯಾನಿಷಿನಲ್ಲೂ ಹೆಸರಿದೆ ಎಂದ ಮೇಲೆ ನಡುವೆ ಇಂಗ್ಲಿಷ್ ಏಕೆ ಎಂದುಕೊಂಡು, ಅಂದಿನಿಂದ ನೋಟ್‌ಬುಕ್ಕಿನ ಎಡಪುಟದಲ್ಲಿ ಸ್ಪ್ಯಾನಿಷ್ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು, ಬಲಪುಟದಲ್ಲಿ ಅದೇ ಸಂದರ್ಭಕ್ಕೆ ನಮ್ಮ ಮನೆಯಲ್ಲಿ ಏನು ಹೇಳುತ್ತೇವೋ ಅದನ್ನು ಬರೆಯತೊಡಗಿದೆ. ನಮ್ಮ ಲಿಪಿ ಇದಕ್ಕೆ ಬಹಳ ಒದಗುತ್ತದೆ. ಅವರ ತ, ದ ಉಚ್ಚಾರಗಳು ನಮ್ಮ ತ, ದಗಳಿಗೆ ತೀರ ಹತ್ತಿರ. ‘ತೆ ಎಸ್ತ್ರಾಞೊ’, ಅಂದರೆ ನಿನ್ನ ನೆನಪು ಕಾಡುತ್ತಿದೆ ಎಂಬ ಮಾತನ್ನು ಬರೆಯುವಾಗ, ಶಾಲೆಯಲ್ಲಿ ವರ್ಣಮಾಲೆ ಕಲಿಸುವ ದಿನ ಬಿಟ್ಟರೆ ಹೆಚ್ಚು ಬಳಸದ ‘ಞ’ ಅಕ್ಷರವನ್ನು ಬರೆದು ಸಂತೋಷಪಟ್ಟೆ.

ವ್ಯಾಕರಣವೂ ಹಾಗೆಯೇ ತೆರೆದುಕೊಂಡಿತು. ‘ನನಗೆ ಕಾಫಿ ಹಿಡಿಸುತ್ತದೆ, ಹಾಡುಗಳು ಹಿಡಿಸುತ್ತವೆ’ ಎನ್ನುವಾಗ ನಮ್ಮ ಕ್ರಿಯಾಪದ ‘ನನಗೆ’ ಎಂಬುದನ್ನು ಬಿಟ್ಟು ಹಿಡಿಸಿದ ವಸ್ತುವನ್ನು ಅನುಸರಿಸುತ್ತದೆ. ಸ್ಪ್ಯಾನಿಷಿನಲ್ಲಿಯೂ ಕಾಫಿಗೆ ‘ಮೆ ಗುಸ್ತಾ’, ಹಾಡುಗಳಿಗೆ ‘ಮೆ ಗುಸ್ತಾನ್’. ‘ಪುಸ್ತಕ ಓದಿದೆ’ ಎನ್ನಬಹುದು, ‘ಮಗ ನೋಡಿದೆ’ ಎನ್ನಲಾಗದು, ಮನುಷ್ಯರಾದರೆ ‘ಮಗನನ್ನು’ ಎಂದು ದ್ವಿತೀಯಾ ವಿಭಕ್ತಿ ಬರಲೇಬೇಕು. ಅವರೂ ನೀರು ಬೇಕೆಂದರೆ ‘ಕ್ಯೆರೊ ಆಗುವಾ’ ಎನ್ನುತ್ತಾರೆ, ಸೊಸೆಯ ಮೇಲಿನ ಪ್ರೀತಿಯನ್ನು ಹೇಳುವಾಗ ‘ಕ್ಯೆರೊ ಆ ಮಿ ನುವೆರಾ’ ಎಂದು ನಡುವೆ ಒಂದು ‘ಆ’ ಸೇರಿಸುತ್ತಾರೆ. ನೀರು ಬೇಕು ಎನ್ನುವುದಕ್ಕೂ ಪ್ರೀತಿಗೂ ಒಂದೇ ಕ್ರಿಯಾಪದವೇ ಎಂದು ಮೊದಲು ಅಚ್ಚರಿಯಾಯಿತು. ಆದರೆ ‘ಅವನು ನಮಗೆ ಬೇಕಾದವನು’ ಎನ್ನುವ ನಮಗೆ ಅದು ಹೊಸತಲ್ಲ. ಆ ಕ್ರಿಯಾಪದದ ಲ್ಯಾಟಿನ್ ಮೂಲಕ್ಕೆ ಹುಡುಕು, ಅರಸು ಎಂಬ ಅರ್ಥವಿದೆ ಎಂದು ತಿಳಿದ ದಿನ ನೋಟ್‌ಬುಕ್ಕಿನ ಬಲಪುಟದಲ್ಲಿ ‘ಅರಸು’ ಎಂದು ದೊಡ್ಡದಾಗಿ ಬರೆದೆ.

ಕನ್ನಡ ನನ್ನನ್ನು ದಾರಿ ತಪ್ಪಿಸಿದ್ದೂ ಇದೆ. ಒಂದು ಭಾನುವಾರ ಕರೆಯಲ್ಲಿ ಬೀಗಿತ್ತಿಯ ತಮ್ಮನೂ ಇದ್ದರು, ಬಹಳ ಸೌಜನ್ಯದಿಂದ ಮಾತಾಡಿಸಿದರು. ಅವರು ಎದ್ದು ಹೋದ ಮೇಲೆ ‘ನಿಮ್ಮ ತಮ್ಮ ನನಗೆ ಇಷ್ಟವಾದರು’ ಎಂಬ ಭಾವದಲ್ಲಿ ‘ಮೆ ಗುಸ್ತಾ ಸು ಎರ್ಮಾನೊ’ ಎಂದೆ. ಆ ಕಡೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಸೊಸೆ ನಿಧಾನವಾಗಿ, ‘ಅಮ್ಮಾ, ತಿಂಡಿಗೆ, ಹಾಡಿಗೆ ಹಾಗೆ ಹೇಳಬಹುದು, ಒಬ್ಬ ವ್ಯಕ್ತಿಯ ಬಗ್ಗೆ ಹೇಳಿದರೆ ಅವರ ಮೇಲೆ ಮನಸ್ಸಾಗಿದೆ ಎಂದು ಅರ್ಥವಾಗುತ್ತದೆ’ ಎಂದು ವಿವರಿಸಿ, ‘ಮೆ ಕಾಯೆ ಬ್ಯೆನ್’ ಎಂದು ಹೇಳಿಕೊಟ್ಟಳು. ಅಕ್ಷರಶಃ ಅದು ‘ನನಗೆ ಚೆನ್ನಾಗಿ ಬೀಳುತ್ತಾರೆ’. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ವಸ್ತುಗಳ ಮೇಲಿನ ಇಷ್ಟ, ಗಂಡುಹೆಣ್ಣಿನ ಆಕರ್ಷಣೆ, ಪರಿಚಿತರ ಮೇಲಿನ ಆದರ, ಮನೆಯವರ ಮೇಲಿನ ಅಕ್ಕರೆ ಇವಕ್ಕೆಲ್ಲ ಬೇರೆ ಬೇರೆ ಕ್ರಿಯಾಪದಗಳಿರುವಾಗ ಒಂದನ್ನು ಇನ್ನೊಂದರ ಜಾಗದಲ್ಲಿ ಇಡಬಾರದೆಂದು ಅಂದು ಕಲಿತೆ. ‘ತೆ ಆಮೊ’ ಎಂಬುದು ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಮತ್ತು ಹೆತ್ತವರು ಮಕ್ಕಳ ನಡುವೆ ಬರುವ ಮಾತು, ಅದನ್ನು ನಾನು ಬಳಸುವುದಿಲ್ಲ. ಬೀಗರಿಗೆ ‘ಲೊ ಅಪ್ರೆಸ್ಯೊ ಮುಚೊ’ ಎನ್ನುತ್ತೇನೆ, ಅದರಲ್ಲಿ ಗೌರವವೂ ಇದೆ, ಅಭಿಮಾನವೂ ಇದೆ.

ಇನ್ನು ನೀನು, ನೀವು. ಎಲ್ಲ ಪಾಠಗಳೂ ಪ್ರೀತಿಪಾತ್ರರಿಗೆ ‘ತು’, ಹೊರಗಿನವರಿಗೆ ‘ಉಸ್ತೆದ್’ ಎಂದು ಕಲಿಸಿದ್ದವು. ಬೊಯಾಕಾದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಗಂಡಹೆಂಡಿರೂ ತಾಯಿಮಕ್ಕಳೂ ಒಬ್ಬರಿಗೊಬ್ಬರು ‘ಉಸ್ತೆದ್’ ಎನ್ನುವುದು ಸಾಮಾನ್ಯ. ಅದಕ್ಕಿಂತಲೂ ಆಪ್ತವಾದ ಮಾತು ‘ಸುಮೆರ್ಸೆ’. ‘ಸು ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಹಳೆಯ ಗೌರವ ಸಂಬೋಧನೆ ಸವೆದು ಸವೆದು ಹೀಗಾಗಿದೆ. ಅದನ್ನು ಇಂದು ತಾಯಿ ಮಗುವಿಗೂ, ತರಕಾರಿ ಮಾರುವಾಕೆ ಗಿರಾಕಿಗೂ ಹೇಳುತ್ತಾರೆ. ನನ್ನ ತಾಯಿ ಕೊನೆಯವರೆಗೂ ನನ್ನ ತಂದೆಗೆ ‘ನೀವು’ ಎಂದವರು, ಆ ‘ನೀವು’ವಿನಲ್ಲಿ ದೂರವೇನೂ ಇರಲಿಲ್ಲ. ಆದ್ದರಿಂದ ‘ನಿನ್ನ ಮೇಲೆ ಪ್ರೀತಿಯಿದೆ’ ಎನ್ನುವ ಪಾಠದ ‘ತೆ ಕ್ಯೆರೊ’ ಬದಲಿಗೆ ನಾನು ಬೀಗಿತ್ತಿಗೆ ಹೇಳಬೇಕಾದದ್ದು ‘ಲಾ ಕ್ಯೆರೊ ಮುಚೊ’, ಅಂದರೆ ‘ನಿಮ್ಮ ಮೇಲೆ ಬಹಳ ಪ್ರೀತಿಯಿದೆ’ ಎಂದು ನನಗೆ ಬೇಗ ಮನವರಿಕೆಯಾಯಿತು.

ಬಾಯಿಗೆ ತರುವುದು ಮಾತ್ರ ಕಷ್ಟವಾಯಿತು. ನಾನು ನನ್ನ ಅಕ್ಕನಿಗಾಗಲಿ ತಾಯಿಗಾಗಲಿ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಒಮ್ಮೆಯೂ ಹೇಳಿದವಳಲ್ಲ. ನಮ್ಮಲ್ಲಿ ಅದನ್ನು ‘ಊಟ ಆಯ್ತಾ’ ಎಂಬ ಪ್ರಶ್ನೆಯಲ್ಲಿ, ಬಡಿಸುವ ಇನ್ನೊಂದು ಸೌಟಿನಲ್ಲಿ ಹೇಳಿ ಮುಗಿಸುತ್ತೇವೆ. ಅವರಾದರೋ ಫೋನ್ ಇಡುವ ಮುನ್ನ ಪ್ರತಿ ಸಲವೂ ಬಾಯಿಬಿಟ್ಟು ಹೇಳುತ್ತಾರೆ. ಬೀಗಿತ್ತಿ ಕಳಿಸುತ್ತಿದ್ದ ವಾಟ್ಸ್‌ಆಪ್ ಧ್ವನಿಸಂದೇಶಗಳನ್ನು ಹತ್ತು ಹತ್ತು ಸಲ ಕೇಳಿ, ಪದಶಃ ಬರೆದುಕೊಂಡು, ಅವರದೇ ಮಾತಿನ ಏರಿಳಿತದಲ್ಲಿ ಗಟ್ಟಿಯಾಗಿ ಹೇಳಿ ರೂಢಿಸಿಕೊಂಡೆ. ಪುಸ್ತಕದಿಂದ ಆರಿಸಿದ ವಾಕ್ಯಕ್ಕಿಂತ ಆ ಮನುಷ್ಯರ ಬಾಯಿಂದಲೇ ಬಂದ ವಾಕ್ಯವನ್ನು ಅವರಿಗೆ ಮರಳಿಸುವುದು ಹೆಚ್ಚು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿವೃತ್ತಳಾದ ಮೇಲೆ ತುನ್ಹಾಕ್ಕೆ ಹೋಗಿ ಮೂರು ವಾರ ಇದ್ದೆ. ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದ ಊರು, ಬೆಳಗಿನ ಚಳಿ ಮೂಳೆಗೆ ಇಳಿಯುತ್ತದೆ. ಮೊದಲ ದಿನ ಅಡುಗೆಮನೆಯಲ್ಲಿ ಬೀಗಿತ್ತಿ ಬೆಲ್ಲದಚ್ಚು ಒಡೆದು ಕುದಿಯುವ ನೀರಿಗೆ ಹಾಕಿ ಆಗುವಾಪನೆಲಾ ಮಾಡುತ್ತಿದ್ದರು. ಬೆಲ್ಲದ ವಾಸನೆಗೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವರು ಲೋಟ ಕೈಗಿಟ್ಟು, ತಮ್ಮ ಹೆಗಲ ಮೇಲಿದ್ದ ರುವಾನಾ ಎಂಬ ಉಣ್ಣೆಯ ಹೊದಿಕೆಯನ್ನು ತೆಗೆದು, ನಮ್ಮ ಕಂಬಳಿಯಷ್ಟೇ ಒರಟಾದ ಅದನ್ನು ನನಗೆ ಹೊದಿಸಿ, ಕೊರಳ ಬಳಿ ಎರಡು ಕೈಯಿಂದ ಸರಿಮಾಡಿ, ‘ಸುಮೆರ್ಸೆ ಯಾ ದೆಸಾಯುನೊ?’ ಎಂದರು. ತಿಂಡಿ ಆಯಿತೇ ಎಂಬ ಆ ಪ್ರಶ್ನೆಗೆ ಉತ್ತರ ಕೊಡುವ ಬದಲು ನಾನು ‘ಲಾ ಕ್ಯೆರೊ ಮುಚೊ’ ಎಂದೆ. ‘ಯೊ ತಾಂಬ್ಯೆನ್ ಲಾ ಕ್ಯೆರೊ’ ಎಂದು ಅವರು ಒಲೆಯ ಕಡೆ ತಿರುಗಿ ಮೊಟ್ಟೆ ಒಡೆಯತೊಡಗಿದರು.

ಆ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳೊಬ್ಬಳಿದ್ದಳು, ಬೀಗಿತ್ತಿಯ ಹಿರಿಮಗನ ಮಗಳು. ಅವಳನ್ನು ಒಮ್ಮೆ ‘ಮಿಹಾ’, ಅಂದರೆ ನನ್ನ ಮಗಳೇ ಎಂದೂ, ಇನ್ನೊಮ್ಮೆ ‘ಮಾಮಿ’, ಅಂದರೆ ಅಮ್ಮಾ ಎಂದೂ ಕರೆಯುತ್ತಿದ್ದರು. ಮಗುವನ್ನು ‘ಬಾರಮ್ಮ, ಕೂತ್ಕೊಳಮ್ಮ’ ಎನ್ನುವ ನಾನು ಅದನ್ನು ಯಾರಿಂದಲೂ ಕೇಳಿ ತಿಳಿಯಬೇಕಾಗಲಿಲ್ಲ.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಬೀಗಿತ್ತಿ ನನ್ನ ಕೈ ಹಿಡಿದು ‘ಮೆ ವಾ ಆ ಅಸೆರ್ ಫಾಲ್ತಾ’ ಎಂದರು. ನೀವಿಲ್ಲದ್ದು ನನಗೆ ಕೊರತೆಯಾಗುತ್ತದೆ ಎಂಬ ಅರ್ಥದ ಆ ಮಾತಿನಲ್ಲೂ ನಮ್ಮ ಚತುರ್ಥಿಯ ‘ನನಗೆ’ಯೇ ಇತ್ತು. ಆಮೇಲೆ ‘ಕೆ ಲೆ ವಾಯಾ ಬ್ಯೆನ್, ಕೆ ದ್ಯೋಸ್ ಲಾ ಬೆಂದಿಗಾ’ ಎಂದು ಹರಸಿದರು. ‘ಕೆ’ ಎಂದು ಆರಂಭವಾಗಿ ಕ್ರಿಯಾಪದದ ರೂಪವನ್ನೇ ಬದಲಿಸುವ ಈ ವಾಕ್ಯಗಳು ಪಾಠದಲ್ಲಿ ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದವು. ಒಳ್ಳೆಯದಾಗಲಿ, ದೇವರು ಕಾಪಾಡಲಿ ಎನ್ನುವ ನಮ್ಮ ‘ಲಿ’ಯೇ ಅದು ಎಂದು ಗುರುತು ಸಿಕ್ಕ ಮೇಲೆ ಮತ್ತೆ ತಪ್ಪಲಿಲ್ಲ. ‘ಕೆ ದ್ಯೋಸ್ ಲಾ ಬೆಂದಿಗಾ, ಸುಮೆರ್ಸೆ’ ಎಂದು ನಾನೂ ಹೇಳಿದೆ. ಬಸ್ಸು ಹೊರಡುವವರೆಗೂ ಅವರು ಕಿಟಕಿಯ ಕೆಳಗೆ ನಿಂತೇ ಇದ್ದರು.