ರೋಡ್ ಬೈಕಿಗೆ ಮೌಂಟನ್ ಡಿರೈಲರ್: ಲೆಕ್ಕ ತಪ್ಪಿದ್ದೆಲ್ಲಿ

ಬೆಳಗಾವಿ ಸಮೀಪದ ಯಳ್ಳೂರಿನ ರಾಜಹಂಸಗಡವನ್ನು ಏರುವಾಗ ನನ್ನ ರೋಡ್ ಬೈಕಿನ (ರಸ್ತೆ ಸೈಕಲ್ಲಿನ) ಹಿಂಬದಿಯ 25 ಹಲ್ಲಿನ ಚಕ್ರ ಸಾಲದೆ ಮೊಣಕಾಲು ನೋಯುತ್ತಿದ್ದುದರಿಂದ, ಹಿಂಬದಿಗೆ 11–34ರ 10 ಸ್ಪೀಡ್ ಕ್ಯಾಸೆಟ್ (11ರಿಂದ 34 ಹಲ್ಲಿನವರೆಗಿನ ಹತ್ತು ಹಲ್ಲುಚಕ್ರಗಳ ಗೊಂಚಲು) ಹಾಕಲು ನಿರ್ಧರಿಸಿದೆ. ಹಳೆಯ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲಿಗೆ ಎಟುಕದೆಂದು, ಉದ್ದ ಕೇಜಿನ (ಚೈನ್ ಸಡಿಲಾಗದಂತೆ ಹಿಡಿಯುವ ತೋಳಿನ) ಶಿಮಾನೊ ಕಂಪನಿಯ 10 ಸ್ಪೀಡ್ ಮೌಂಟನ್ ಬೈಕ್ ಡಿರೈಲರನ್ನು ತಂದು ಜೋಡಿಸಿದೆ. ಶಿಫ್ಟರೂ (ಹ್ಯಾಂಡಲಿನ ಬಳಿ ಗೇರ್ ಬದಲಿಸುವ ಲಿವರ್) ಹತ್ತು, ಕ್ಯಾಸೆಟ್ಟೂ ಹತ್ತು, ಡಿರೈಲರೂ ಹತ್ತು ಎಂಬ ನನ್ನ ಸರಳ ಲೆಕ್ಕವೇ ತಪ್ಪಾಗಿತ್ತು.

ಗೇರ್ ಬದಲಿಸಿದರೆ ಚೈನ್ ಪಕ್ಕದ ಹಲ್ಲುಚಕ್ರವನ್ನು ತಲುಪದೆ ನಡುವೆಯೇ ಕರಕರ ಎನ್ನುತ್ತಿತ್ತು. ಎರಡು ಸಂಜೆ ಸ್ಕ್ರೂಗಳನ್ನು ತಿರುಗಿಸಿದೆ, ಕೇಬಲ್ಲನ್ನೂ ಬದಲಿಸಿದೆ, ಎಲ್ಲವೂ ವ್ಯರ್ಥ. ಕೊನೆಗೆ ಅಳತೆಗಳನ್ನು ಹೋಲಿಸಿದಾಗ ಕಾರಣ ಹೊಳೆಯಿತು. ನನ್ನ ಹಳೆಯ ರೋಡ್ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.3 ಮಿ.ಮೀ. ಕೇಬಲ್ ಎಳೆಯುತ್ತದೆ, ಅದಕ್ಕೆ ಹೊಂದುವ ರೋಡ್ ಡಿರೈಲರ್ ಆ ಎಳೆತದ 1.7 ಪಟ್ಟು ಸರಿದು, 10 ಸ್ಪೀಡ್ ಚಕ್ರಗಳ ನಡುವಿನ 3.95 ಮಿ.ಮೀ. ಅಂತರವನ್ನು ಹೆಚ್ಚುಕಡಿಮೆ ಕ್ರಮಿಸುತ್ತದೆ. ನಾನು ತಂದದ್ದರಲ್ಲಿ ಆ ಪ್ರಮಾಣ ಸುಮಾರು 1.2 ಮಾತ್ರ ಇರುವುದರಿಂದ ಅದು 2.8 ಮಿ.ಮೀ.ಗೇ ನಿಲ್ಲುತ್ತಿತ್ತು.

ಅದೇ ಕಂಪನಿಯ 9 ಸ್ಪೀಡ್ ಮೌಂಟನ್ ಡಿರೈಲರಿನಲ್ಲಿ ಪ್ರಮಾಣ 1.7 ಇದೆ. ಸ್ಪೀಡನ್ನು ಎಣಿಸುವುದು ಶಿಫ್ಟರೇ ಹೊರತು ಡಿರೈಲರಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಗೆಳೆಯರೊಬ್ಬರ ಬಳಿ ಬಿದ್ದಿದ್ದ ಅಂತಹದೊಂದನ್ನು ತೊಳೆದು ಹಾಕಿದೆ. ಹೊಸ ಚೈನನ್ನು ಡಿರೈಲರಿನ ಮೂಲಕ ಹಾಯಿಸದೆ ಮುಂಬದಿಯ ಮತ್ತು ಹಿಂಬದಿಯ ಅತಿ ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತಿ, ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿದೆ; ಡಿರೈಲರಿನ ಮೇಲಿನ ಪುಲ್ಲಿ 34 ಹಲ್ಲಿನ ಚಕ್ರಕ್ಕೆ ತಾಗದಂತೆ, ಆ ಅಂತರವನ್ನು ಹೊಂದಿಸುವ ಬಿ-ಸ್ಕ್ರೂವನ್ನು ಬಿಗಿದೆ. ಹತ್ತೂ ಗೇರುಗಳು ಈಗ ಸದ್ದಿಲ್ಲದೆ ಬೀಳುತ್ತಿವೆ.